ಹೊಸ ಕುತ್ತಿಗೆಯ ಕೀಗಳು

ನನ್ನ ಗಿಟಾರಿಗೆ ವೀಣೆಯ ತಂತಿ ಕಟ್ಟಿದವರು ನನ್ನ ಗಂಡನ ಅಣ್ಣ. ಇದನ್ನು ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ. ಏರಲಿ. ಕೆಲವು ಸಿಟ್ಟುಗಳನ್ನು ನಾನು ಬೇಕೆಂದೇ ಆರಲು ಬಿಟ್ಟಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಶೃಂಗೇರಿಗೆ ಮೊಬೈಲು ಆಗಷ್ಟೇ ಬಂದಿತ್ತು, ಮಾತಾಡಬೇಕಾದರೆ ಬಸ್‌ಸ್ಟ್ಯಾಂಡಿನ ತನಕ ನಡೆದು ಹೋಗಬೇಕಿತ್ತು. ನಾನು ನರಸಿಂಹರಾಜಪುರದವಳು. ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದ ಟೀಚರು ಸಂಜೆ ಹೊತ್ತು ಗಿಟಾರು ಹೇಳಿಕೊಡುತ್ತಿದ್ದರು. ಹಟ ಮಾಡಿ ಅಪ್ಪನಿಂದ ಒಂದು ಕಲ್ಕತ್ತದ ಗಿಟಾರು ಕೊಡಿಸಿಕೊಂಡೆ. ಮದುವೆಯಾಗಿ ಶೃಂಗೇರಿಗೆ ಬರುವಾಗ ಸೀರೆ ಪೆಟ್ಟಿಗೆಯನ್ನು ಬಸ್ಸಿನ ಟಾಪಿಗೆ ಹಾಕಿಸಿ, ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದವಳು ನಾನು.

ಬಂದು ಸೇರಿದ್ದು ವೀಣೆಯ ಮನೆಗೆ. ಭಾವನವರು ವೀಣೆ ಮೇಷ್ಟ್ರು. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ, ಇಡೀ ಜಗಲಿ ಅವರದ್ದೇ. ಬೆಳಿಗ್ಗೆ ಶಿಷ್ಯೆಯರು ಬಂದು ಕೂತರೆ ಮನೆಯಲ್ಲಿ ಒಗ್ಗರಣೆ ಹಾಕುವಾಗಲೂ ಸದ್ದಾಗಬಾರದು. ವೀಣೆಯ ತಂತಿ ಬಿಗಿಯುವ ಬಿರಡೆ ತಿರುಗಿಸುವ ಕೆಲಸವನ್ನೂ ಅವರು ಶಿಷ್ಯೆಯರಿಂದಲೇ ಮಾಡಿಸುತ್ತಿದ್ದರು. ಕಲಿಯಲಿ ಎಂದು ಅನ್ನುತ್ತಿದ್ದರು. ಊಟಕ್ಕೆ ಕೂತರೆ ಉಪ್ಪಿನಕಾಯಿ ಬಾಟಲಿಯನ್ನು ಬಾಯಿ ಬಿಡದೆ ನನ್ನ ಕಡೆ ತಳ್ಳುವುದು, ನಾನು ಮುಚ್ಚಳ ತೆಗೆದು ವಾಪಸ್ಸು ತಳ್ಳುವುದು. ಆಳುಕಾಳಿಗೆ ಮಾಡಿದ ಹಾಗೆ. ನನ್ನ ಗಿಟಾರಿಗೆ ಅವರು ಇಟ್ಟ ಹೆಸರು ಡಬ್ಬ.

ತಂಗಿಯ ಸೀಮಂತಕ್ಕೆಂದು ತವರಿಗೆ ಹೋಗಿ ಬಂದಾಗ ಡಬ್ಬದ ಕುತ್ತಿಗೆ ಮುರಿದಿತ್ತು. ಮೊಳೆಗೆ ಸಿಕ್ಕಿಸಿ ಹೋಗಿದ್ದೆ, ಮೊಳೆಯಲ್ಲೇ ಇತ್ತು. ಆದರೆ ತಲೆ ಭಾಗ ಸೀಳಿ ಮುಂದಕ್ಕೆ ವಾಲಿತ್ತು, ನನ್ನ ತಂತಿಗಳ ಜಾಗದಲ್ಲಿ ವೀಣೆಯ ತಂತಿಗಳಿದ್ದವು. ಜಗಲಿಗೆ ಹೋಗಿ ಕೇಳಿದೆ. ಭಾವನವರು ಪಂಚಾಂಗದಿಂದ ತಲೆ ಎತ್ತಲಿಲ್ಲ.

"ಎಂತ ಮಾಡೋದು ಮಾರಾಯ್ತಿ, ಮರ ಸರಿಯಿಲ್ಲ ಅದ್ರದ್ದು" ಅಂದರು.

ಅಷ್ಟೇ. ಯಾಕೆ ಮುಟ್ಟಿದಿರಿ ಎಂದರೆ ಪಂಚಾಂಗದ ಹಾಳೆ ಮಗುಚಿದರು. ಗಂಡ ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಏನೋ ಕುತೂಹಲಕ್ಕೆ ನೋಡಿರಬೇಕು, ಹೋಗಲಿ ಬಿಡು ಎಂದ. ಹೋಗಲಿ ಬಿಡು ಎನ್ನುವವರ ವಸ್ತು ಯಾವತ್ತೂ ಮುರಿದಿರುವುದಿಲ್ಲ. ಆ ವಾರ ನಾನು ಅಣ್ಣ ತಮ್ಮ ಇಬ್ಬರಿಗೂ ತಟ್ಟೆ ಇಟ್ಟು ಬಡಿಸಿದ್ದು ಬಿಟ್ಟರೆ ಮಾತಾಡಲಿಲ್ಲ.

ಆ ಜಾತಿಯ ಗಿಟಾರಿಗೆ ಕುತ್ತಿಗೆಯನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ಬಿಚ್ಚಿ ಬೇರೆಯದನ್ನು ಹಾಕಬಹುದು. ಟೀಚರ ಮನೆಯಲ್ಲಿ ಗೆದ್ದಲು ತಿಂದ ಇನ್ನೊಂದು ಗಿಟಾರು ಬಿದ್ದಿತ್ತು. ಒಡಲು ಪುಡಿಯಾಗಿದ್ದರೂ ಕುತ್ತಿಗೆ ಗಟ್ಟಿಮುಟ್ಟಾಗಿತ್ತು. ಮುಂದಿನ ಸಲ ನರಸಿಂಹರಾಜಪುರಕ್ಕೆ ಹೋದಾಗ ಕೇಳಿ ತಂದೆ. ಅದರಲ್ಲಿ ಕೀಗಳಿರಲಿಲ್ಲ. ತಂತಿ ಬಿಗಿ ಮಾಡುವ ಕೀಗಳನ್ನು ಯಾರೋ ಯಾವತ್ತೋ ಬಿಚ್ಚಿಕೊಂಡು ಹೋಗಿದ್ದರು, ಬರೀ ತೂತುಗಳಿದ್ದವು. ನನ್ನ ಹಳೆಯ ಕೀಗಳು ಒಂದು ತಗಡಿನ ಪಟ್ಟಿಗೆ ಮೂರರಂತೆ ಜೋಡಿಸಿದಂಥವು. ಪಟ್ಟಿಯನ್ನು ಹೊಸ ತಲೆಯ ಮೇಲಿಟ್ಟು ನೋಡಿದರೆ ಒಂದು ಕೀ ತೂತಿಗೆ ಸರಿಹೋದರೆ ಪಕ್ಕದ್ದು ಮರದ ಮೇಲೆ ಕೂರುತ್ತಿತ್ತು.

ಇದನ್ನು ಕಂಡದ್ದೇ ಭಾವನವರಿಗೆ ಹುರುಪು ಬಂತು. ವೀಣೆಗೆ ಇರುವಂಥ ಮರದ ಬಿರಡೆಗಳನ್ನೇ ಕಡೆಸಿ ಹಾಕಿಸುವುದು ಒಳ್ಳೆಯದು ಎಂದರು. ತೂತನ್ನು ಸ್ವಲ್ಪ ಓರೆಯಾಗಿ ದೊಡ್ಡದು ಮಾಡಿ, ಸೀಮೆಸುಣ್ಣ ಉಜ್ಜಿ, ಒತ್ತಿ ತಿರುಗಿಸಿದರೆ ಬ್ರಹ್ಮ ಬಂದರೂ ಜಾರುವುದಿಲ್ಲವಂತೆ. ಹಲ್ಲಿನ ಚಕ್ರ ಇರುವ ಕೀಗಳೆಲ್ಲ ಗಡಿಯಾರಕ್ಕೆ ಸರಿ, ವಾದ್ಯಕ್ಕಲ್ಲ. ನಾನು ಕುತ್ತಿಗೆಯನ್ನು ಅವರ ಕೈಯಿಂದ ಕಿತ್ತುಕೊಂಡು ಸೀರೆಗಳ ನಡುವೆ ಬಚ್ಚಿಟ್ಟೆ. ಅದಕ್ಕೆ ಅವರು ಗಂಡನ ಹತ್ತಿರ ತೀರ್ಪು ಕೊಟ್ಟರು. ಶ್ರುತಿ ನಿಲ್ಲದ ವಾದ್ಯ ಮನೆಯಲ್ಲಿದ್ದರೆ ಶಿಷ್ಯೆಯರ ಕಿವಿ ಕೆಡುತ್ತದೆ. ರಿಪೇರಿ ಮಾಡಿಕೊಳ್ಳಲಿ. ಬೆಳಿಗ್ಗೆ ತಮ್ಮ ಶ್ರುತಿಪೆಟ್ಟಿಗೆಗೆ ಕೂಡಿಸಿದ್ದು ಸಂಜೆಯವರೆಗೆ ನಿಂತರೆ ಇರಲಿ, ಇಲ್ಲದಿದ್ದರೆ ಅಟ್ಟಕ್ಕೆ. ನನ್ನ ಗಂಡ ತಲೆ ಆಡಿಸಿದನಂತೆ. ಅಟ್ಟಕ್ಕೆ ಹೋದ ಸಾಮಾನು ಆ ಮನೆಯಲ್ಲಿ ಕೆಳಗೆ ಇಳಿದದ್ದನ್ನು ನಾನು ಕಂಡಿರಲಿಲ್ಲ.

ಕುತ್ತಿಗೆಯನ್ನು ಬಟ್ಟೆಚೀಲದಲ್ಲಿ ಸುತ್ತಿಕೊಂಡು ಕೊಪ್ಪದ ಬಸ್ಸು ಹತ್ತಿದೆ. ಕೊಪ್ಪದಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಜೊತೆಗೆ ಹಾರ್ಮೋನಿಯಂ, ತಬಲ ಇಟ್ಟುಕೊಂಡ ಒಂದು ಅಂಗಡಿ ಇತ್ತು. ಗಿಟಾರು ಕೀ ಬೇಕು ಎಂದರೆ ಅಂಗಡಿಯವನು ಯಜಮಾನರನ್ನು ಕಳಿಸಿ, ಅವರಿಗೆ ಗೊತ್ತಿರುತ್ತದೆ ಎಂದ. ಚೀಲ ಬಿಚ್ಚಿ ಕುತ್ತಿಗೆಯನ್ನು ಕೌಂಟರಿನ ಗಾಜಿನ ಮೇಲೆ ಟಕ್ಕನೆ ಇಟ್ಟೆ. ಗಾಜು ಒಡೆಯಲಿಲ್ಲ, ಆದರೆ ಮೂರು ಬಗೆಯ ಕೀ ತಕ್ಷಣ ಹೊರಗೆ ಬಂದವು.

ಮೊದಲನೆಯದು ನನ್ನ ಹಳೆಯದರಂಥದ್ದೇ ಪಟ್ಟಿಯದು. ಬೇಡ. ಎರಡನೆಯದು ಬಿಡಿಬಿಡಿ, ಆದರೆ ಚಕ್ರಗಳು ಹೊರಗೇ ಕಾಣುತ್ತವೆ. ನಮ್ಮ ಕಡೆಯ ಮಳೆಗಾಲ ಕಳೆಯುವಷ್ಟರಲ್ಲಿ ಕೊಡಪಾನದ ತಳವೇ ತುಕ್ಕು ಹಿಡಿಯುತ್ತದೆ, ಇನ್ನು ಈ ಹಲ್ಲುಗಳು ಎಲ್ಲಿ ಉಳಿಯುತ್ತವೆ? ಮೂರನೆಯದಕ್ಕೆ ಚಕ್ರದ ಮೇಲೆ ಮುಚ್ಚಿದ ಗೂಡು, ಒಳಗೆ ಗ್ರೀಸು, ಕೈಗೆ ತೂಕ. ಟೀಚರು ಹೇಳಿಕೊಟ್ಟ ಪರೀಕ್ಷೆ ಒಂದಿತ್ತು. ಕೀಯನ್ನು ಸ್ವಲ್ಪ ಮುಂದೆ ತಿರುಗಿಸಿ ಸ್ವಲ್ಪ ಹಿಂದೆ ತಿರುಗಿಸಬೇಕು. ಹಿಂದೆ ತಿರುಗಿಸುವಾಗ ತಂತಿ ಸುತ್ತುವ ಕಂಬ ಕೂಡಲೇ ಅಲುಗಬೇಕು. ಕೈ ತಿರುಗಿದರೂ ಕಂಬ ಸುಮ್ಮನೆ ನಿಂತರೆ ಆ ಕೀಯಲ್ಲಿ ಸಡಿಲ ಇದೆ, ಶ್ರುತಿ ನಿಲ್ಲುವುದಿಲ್ಲ. ಅಂಗಡಿಯವನು ನಿಟ್ಟುಸಿರು ಬಿಡುತ್ತಿದ್ದರೂ ಒಂದೊಂದನ್ನೂ ಹಾಗೆ ತಿರುಗಿಸಿ ನೋಡಿದೆ. ಮುಚ್ಚಿದವು ಗೆದ್ದವು. ಒಂದು ಪೊಟ್ಟಣದಲ್ಲಿ ಎಲ್ಲ ಎಡಗಡೆಯವು, ಇನ್ನೊಂದರಲ್ಲಿ ಎಲ್ಲ ಬಲಗಡೆಯವು. ನನಗೆ ಅರ್ಧರ್ಧ ಬೇಕು. ಎರಡನ್ನೂ ಒಡೆಸಿದೆ. ಉಳಿದದ್ದನ್ನು ಯಾರಿಗೆ ಮಾರಲಿ ಎಂದು ಅವನು ಗೊಣಗಿದ. ಅದು ನನ್ನ ತಲೆನೋವಲ್ಲ ಎಂದು ಬಂದೆ.

ಹಿತ್ತಿಲ ಕಡೆಯ ಜಗಲಿಯಲ್ಲಿ ಕೂತು ಕೆಲಸ ಶುರುಮಾಡಿದೆ. ಕೀಯನ್ನು ಹಿಂದಿನಿಂದ ತೂತಿಗೆ ತೂರಿಸಿ, ಮುಂದಿನಿಂದ ನಟ್ಟು ಬಿಗಿಯಬೇಕು. ಆಮೇಲೆ ಹಿಂಬದಿಯಲ್ಲಿ ಒಂದು ಸಣ್ಣ ಸ್ಕ್ರೂ, ಕೀ ತಾನೇ ತಿರುಗದ ಹಾಗೆ. ಭಾವನವರು ಊಟ ಮುಗಿಸಿ ಬಂದು ಬಾಗಿಲಿಗೆ ಒರಗಿ ನಿಂತರು. ಅವರ ಕಣ್ಣು ಬೆನ್ನ ಮೇಲಿದ್ದದ್ದಕ್ಕೋ ಏನೋ ನಾನು ಆತುರ ಪಟ್ಟೆ. ತೂತು ಕೊರೆಯದೆ ಮೊದಲ ಸ್ಕ್ರೂವನ್ನು ನೇರವಾಗಿ ಮರಕ್ಕೆ ತಿರುಗಿಸಿದೆ. ಕಟಕ್ ಎಂದು ತಲೆ ಮುರಿದು ಕೈಗೆ ಬಂತು, ಉಳಿದದ್ದು ಮರದೊಳಗೆ. ಹಿಂದಿನಿಂದ ಒಂದು ಹ್ಞೂಂ ಕೇಳಿಸಿತು. ಆ ಹ್ಞೂಂಗೆ ನಾನು ಸ್ಕ್ರೂಡ್ರೈವರನ್ನು ಎಸೆಯಲಿಲ್ಲ ಎನ್ನುವುದೇ ನನ್ನ ಸಂಸ್ಕಾರ.

ಗಂಡನ ಪೆಟ್ಟಿಗೆಯಿಂದ ತೂತು ಕೊರೆಯುವ ಬೈರಿಗೆ ತಂದೆ. ಕೀಗಳ ಬೆನ್ನಿಗೆ ದಾರ ಹಿಡಿದು ಎಲ್ಲ ಒಂದೇ ಸಾಲಿಗೆ ಬರುವಂತೆ ಮಾಡಿದೆ, ಗುರುತು ಹಾಕಿ ಸಣ್ಣಗೆ ಕೊರೆದೆ, ಸ್ಕ್ರೂವನ್ನು ಬಟ್ಟೆಸೋಪಿಗೆ ಚುಚ್ಚಿ ತೆಗೆದು ಹಾಕಿದೆ. ಬೆಣ್ಣೆಗೆ ಇಳಿದ ಹಾಗೆ ಇಳಿದವು. ಭಾವನವರು ಹೋಗಲೇ ಇಲ್ಲ. ಒಂದು ಸುತ್ತು ತಿರುಗಿಸಿದರೆ ತಂತಿ ಎಷ್ಟು ಏರುತ್ತದೆ, ಎಷ್ಟು ಬಲ ಬೇಕು, ಒತ್ತಬೇಕೋ ಬೇಡವೋ, ಒಂದರ ಮೇಲೊಂದು ಪ್ರಶ್ನೆ. ತಪ್ಪು ಹುಡುಕುವುದಕ್ಕೆ ಎಂದುಕೊಂಡು ನಾನು ಒಂದಕ್ಕೂ ಸರಿಯಾಗಿ ಉತ್ತರ ಕೊಡಲಿಲ್ಲ.

ಕುತ್ತಿಗೆಯನ್ನು ಒಡಲಿಗೆ ಬೋಲ್ಟು ಹಾಕಿ ಕೂರಿಸಿ, ಹೊಸ ತಂತಿಗಳನ್ನು ಎಳೆದು ಎಳೆದು ಪಳಗಿಸಿದ ಮೇಲೆ ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ಶ್ರುತಿಪೆಟ್ಟಿಗೆಗೆ ಕೂಡಿಸಿ ಅವರೇ ಕೇಳಿ ಒಪ್ಪಿದರು. ಗಿಟಾರನ್ನು ಜಗಲಿಯ ಚಾಪೆಯ ಮೇಲೆ ಮಲಗಿಸಿದೆ, ಯಾರೂ ಮುಟ್ಟಕೂಡದು. ಮಧ್ಯಾಹ್ನ ಮಳೆ ಹೊಡೆದು ಗಾಳಿ ತಣ್ಣಗಾಯಿತು. ಸಂಜೆ ದೀಪ ಹಚ್ಚಿ ಬಂದು ತಂತಿ ಮೀಟಿದೆ. ನಿಂತಿತ್ತು. ಗಂಡ ಕೇಳಿ ನಕ್ಕು ಪೇಟೆಗೆ ಹೋದ. ಅವನಿಗೆ ಮುಗಿದಿತ್ತು.

ಭಾವನವರು ಮಾತ್ರ ಚಾಪೆಯ ಹತ್ತಿರ ಕೂತರು. ಎಡಗೈಯಿಂದ ಒಂದು ಕೀ ಹಿಡಿದರು. ಹೆಬ್ಬೆರಳು ಅದರ ಮೇಲೆ ಸರಿಯಾಗಿ ಮಡಚಲಿಲ್ಲ. ಹಾಗೇ ಸ್ವಲ್ಪ ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು. ಮುಖದಲ್ಲಿ ನಾನು ಕಂಡೇ ಇರದ ಒಂದು ಆಸೆ ಇತ್ತು.

"ಇದು ವೀಣೆಗೆ ಕೂರತ್ತಾ?" ಅಂದರು.

ಉಪ್ಪಿನಕಾಯಿ ಬಾಟಲಿ ನೆನಪಾಯಿತು. ಶಿಷ್ಯೆಯರ ಕೈಯಲ್ಲಿ ತಿರುಗಿಸುತ್ತಿದ್ದ ಬಿರಡೆಗಳು ನೆನಪಾದವು. ಒತ್ತಿ ತಿರುಗಿಸುವ ಬಲ ಆ ಹೆಬ್ಬೆರಳಿನಲ್ಲಿ ಉಳಿದಿರಲಿಲ್ಲ. ನಾನು ತವರಿಗೆ ಹೋದಾಗ, ಇಂಥ ಕೀ ತಮ್ಮ ಕೈಗೆ ಬಗ್ಗುತ್ತದೋ ಎಂದು ತಮ್ಮ ತಂತಿಗಳನ್ನು ನನ್ನ ಗಿಟಾರಿಗೆ ಕಟ್ಟಿ ಪರೀಕ್ಷೆ ಮಾಡಿದ್ದಾರೆ. ಮರದ ಬಿರಡೆಯಾದರೆ ತಂತಿ ಬಿಗಿಯಾದಷ್ಟೂ ಕೈಗೆ ತಡೆ ಕೊಡುತ್ತದೆ, ಸಾಕು ಎಂದು ಹೇಳುತ್ತದೆ. ಚಕ್ರದ ಕೀ ಕುತ್ತಿಗೆ ಸೀಳುವ ತನಕ ಏನೂ ಹೇಳುವುದಿಲ್ಲ.

"ಹಗುರಾಗಿ ತಿರುಗ್ತಿತ್ತು. ಎಷ್ಟು ತಿರುಗಿಸ್ದೆ ಅಂತ ಕೈಗೆ ಗೊತ್ತಾಗ್ಲೇ ಇಲ್ಲ" ಅಂದರು.

ಪಾಪ ಎನ್ನಿಸಬೇಕಿತ್ತು. ನನಗೆ ಮೈ ಉರಿಯಿತು. ಅಷ್ಟು ಗೊತ್ತಿದ್ದೂ ತಪ್ಪನ್ನು ಮರದ ಮೇಲೆ ಹಾಕಿದರಲ್ಲ. ಅಷ್ಟು ಗೊತ್ತಿದ್ದೂ ನನ್ನ ಗಿಟಾರನ್ನು ಅಟ್ಟಕ್ಕೆ ಕಳಿಸಲು ಹೊರಟರಲ್ಲ. ಕೇಳಿದ್ದರೆ ನಾನೇ ತೋರಿಸುತ್ತಿರಲಿಲ್ಲವೇ ಎಂದು ಕೇಳಿದೆ.

"ನಿನ್ನ ಹತ್ರ ಕೇಳೋದಾ?" ಅಂದರು. ಬೈಗುಳವಾಗಿ ಅಲ್ಲ, ನಿಜವಾಗಿಯೂ ಅದು ಅವರಿಗೆ ಹೊಳೆದೇ ಇರಲಿಲ್ಲ.

ಆಮೇಲೆ ದನಿ ತಗ್ಗಿಸಿ, ಕೊಪ್ಪದಿಂದ ಇಂಥದ್ದೇ ತಂದು, ಪಾಠ ಇಲ್ಲದ ದಿನ ನೋಡಿ, ಯಾರಿಗೂ ಹೇಳದೆ ಹಾಕಿಕೊಡಬೇಕು ಎಂದರು. ತರುತ್ತೇನೆ ಎಂದೆ. ಆದರೆ ಹಾಕುವುದು ಬೆಳಿಗ್ಗೆ, ಇದೇ ಜಗಲಿಯಲ್ಲಿ, ಶಿಷ್ಯೆಯರ ಎದುರಿಗೆ ಎಂದೆ. ಅವರು ಎದ್ದು ಒಳಗೆ ಹೋದರು.

ಕೊಪ್ಪದ ಅಂಗಡಿಯಲ್ಲಿ ನಾನು ಒಡೆಸಿದ ಪೊಟ್ಟಣಗಳ ಉಳಿಕೆ ಹಾಗೇ ಇತ್ತು. ತಂದಿಟ್ಟೆ. ಎಷ್ಟೋ ದಿನ ಅವರು ಅದರ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ದೊಡ್ಡ ಶಿಷ್ಯೆ ಮದುವೆಯಾಗಿ ಊರು ಬಿಟ್ಟಳು. ಉಳಿದವರು ಚಿಕ್ಕವರು, ಬಿರಡೆ ಅವರ ಕೈಗೆ ಬಗ್ಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಜಗಲಿಯಿಂದ ನನ್ನನ್ನು ಕರೆದರು. ವೀಣೆ ಚಾಪೆಯ ಮೇಲಿತ್ತು, ಬಿರಡೆಗಳನ್ನು ಕಿತ್ತು ಪಕ್ಕಕ್ಕೆ ಇಟ್ಟಿದ್ದರು, ಹುಡುಗಿಯರು ಸುತ್ತ ಕೂತಿದ್ದರು. ಭಾವನವರು ಎಡಗೈಯನ್ನು ಶಲ್ಯದೊಳಗೆ ಇಟ್ಟುಕೊಂಡು ಅವರಿಗೆ ಹೇಳಿದರು.

"ಮರ ಸರಿಯಿಲ್ಲ ಇದ್ರದ್ದು. ಬಿರಡೆ ನಿಲ್ತಿಲ್ಲ."

ಅಜ್ಜನ ಕಾಲದ ಹಲಸಿನ ವೀಣೆ ಅದು. ಹುಡುಗಿಯರು ವೀಣೆಯನ್ನು ನೋಡಿದರು. ಭಾವನವರು ನನ್ನ ಮುಖ ನೋಡಿದರು. ಸುಮ್ಮನಿರು ಎಂದು ಬೇಡುವ ಮುಖ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು.

"ಮರ ಚೆನ್ನಾಗೇ ಇದೆ" ಎಂದೆ.

ಭಾವನವರು ಶಲ್ಯದಿಂದ ಕೈ ಹೊರಗೆ ತೆಗೆದು, ಅಲುಗಾಡದ ಹಾಗೆ ವೀಣೆಯ ಕುತ್ತಿಗೆಯನ್ನು ಒತ್ತಿ ಹಿಡಿದರು. ಹೆಬ್ಬೆರಳು ಮಡಚದೆ ನಿಂತದ್ದು ಹುಡುಗಿಯರಿಗೆಲ್ಲ ಕಂಡಿತು. ನಾನು ಗುರುತು ಹಾಕಿ ಬೈರಿಗೆ ಇಟ್ಟೆ.