ಬಂಪರಿನ ನಾಲ್ಕು ಬೋಲ್ಟು

ಈ ಸಲದ ಚಳಿಗಾಲವನ್ನೆಲ್ಲ ನಾನು ನಾಲ್ಕು ಬೋಲ್ಟು ಹುಡುಕುವುದರಲ್ಲಿ ಕಳೆದೆ. ಹೌದು, ಬೋಲ್ಟು. ಬಂಗಾರದ್ದಲ್ಲ, ಕಬ್ಬಿಣದ್ದೇ.

ನನ್ನ ಹತ್ತಿರ ಅಪ್ಪನ ಕಾಲದ ಅಂಬಾಸಿಡರ್ ಇದೆ ಎನ್ನುವುದು ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದವರು ಪುಣ್ಯವಂತರು. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಅದರ ಕಥೆ ಕೊಡುತ್ತೇನೆ ಅಂತ ಹೆಂಡತಿಯ ದೂರು.) ಅದನ್ನು ಹೊಸದಾಗಿ ಮನೆಗೆ ಬಂದ ದಿನ ಇದ್ದ ಹಾಗೆಯೇ ಮಾಡಬೇಕೆಂಬುದು ನನ್ನ ಮೂರು ವರ್ಷದ ಹುಚ್ಚು. ಎಂಜಿನ್ ಆಯಿತು, ಬಣ್ಣ ಆಯಿತು, ಸೀಟು ಆಯಿತು. ಹುಬ್ಬಳ್ಳಿಯಲ್ಲಿ ನಡೆಯುವ ಹಳೇ ಕಾರುಗಳ ಪ್ರದರ್ಶನಕ್ಕೆ ಹೆಸರನ್ನೂ ಕೊಟ್ಟೆ. ಅಲ್ಲಿಂದ ಕಾರು ಪರೀಕ್ಷೆಗೆಂದು ಬಂದ ಮನುಷ್ಯ ಎರಡು ಸುತ್ತು ಹಾಕಿ, ಮುಂದಿನ ಬಂಪರಿನ ಎದುರು ಕುಕ್ಕುರುಗಾಲಲ್ಲಿ ಕೂತ.

"ಈ ನಾಕೂ ಬೋಲ್ಟ್ ಒರಿಜಿನಲ್ ಅಲ್ರಿ" ಎಂದ.

ಮುಗಿಯಿತು. ಅವತ್ತಿನಿಂದ ನನಗೆ ಕಾರು ಕಾಣಲಿಲ್ಲ, ನಾಲ್ಕು ಬೋಲ್ಟು ಮಾತ್ರ ಕಂಡವು. ಆ ಕಾಲದ ಬೋಲ್ಟುಗಳು ಇಂಚಿನ ಅಳತೆಯವು, ತಲೆ ದಪ್ಪ, ಗುಂಡಗೆ, ಕೈಗೆ ಭಾರ. ನನ್ನ ಬಂಪರಿನಲ್ಲಿದ್ದವು ಈಗಿನ ಮಿಲಿಮೀಟರಿನವು. ಸಣ್ಣ ತಲೆ, ಹಗುರ. ಇಷ್ಟು ವರ್ಷ ಅವು ಅಲ್ಲೇ ಇದ್ದವು, ನನಗೇ ಗೊತ್ತಿರಲಿಲ್ಲ! ಗೊತ್ತಾದ ಮೇಲೆ ಊಟ ಸೇರಬೇಕಲ್ಲ?

ಮುಂಡರಗಿಯ ಲಾರಿ ಗ್ಯಾರೇಜುಗಳಿಗೆ ಹೋದೆ. ಚಹಾ ಕುಡಿಸಿ ಕಳಿಸಿದರು. ಶಿರಹಟ್ಟಿಯ ಗುಜರಿ ಅಂಗಡಿಯವನು ಒಂದು ಚೀಲ ಹಳೇ ಬೋಲ್ಟನ್ನು ನೆಲಕ್ಕೆ ಸುರಿದು, "ಆರಿಸ್ಕೋರಿ" ಎಂದು ತನ್ನ ಪಾಡಿಗೆ ಮಲಗಿದ. ಅರ್ಧ ದಿನ ಕೂತು ಆರಿಸಿದೆ. ಕೈ ಕರಿ ಆಯಿತು, ಬೋಲ್ಟು ಸಿಗಲಿಲ್ಲ. ವಾಪಸು ಬರುವಾಗ, ಜೊತೆಗೆ ಬಂದಿದ್ದ ಹೆಂಡತಿಯ ಸಮಾಧಾನಕ್ಕೆ ಮಾಗಡಿ ಕೆರೆಗೆ ಕಾರು ತಿರುಗಿಸಿದೆ. ಎಲ್ಲೆಲ್ಲಿಂದಲೋ ಹಾರಿ ಬಂದ ಹೆಬ್ಬಾತುಗಳನ್ನು ಅವಳು ನೋಡಿದಳು. ನಾನು, ಹಕ್ಕಿ ನೋಡಲು ಬಂದಿದ್ದ ಯಾರದೋ ಹಳೇ ಕಾರಿನ ಬಂಪರಿನ ಕೆಳಗೆ ಬಗ್ಗಿದ್ದೆ. ಅದರ ಮಾಲೀಕರು ನನ್ನನ್ನು ಕಳ್ಳನೆಂದೇ ತಿಳಿದರು. (ಬೋಲ್ಟು ಸಿಕ್ಕಿದ್ದರೆ ಆಗಿಬಿಡುತ್ತಿದ್ದೆನೋ ಏನೋ!)

ಕಡೆಗೆ ಲಕ್ಷ್ಮೇಶ್ವರಕ್ಕೆ, ದಸ್ತಗೀರ ಉಸ್ತಾದರ ಬಳಿ ಹೋದೆ. ಅಪ್ಪನ ಕಾಲದಲ್ಲಿ ನಮ್ಮ ಕಾರು ರಿಪೇರಿ ಮಾಡುತ್ತಿದ್ದವರು ಅವರು. ಈಗ ಕಬ್ಬಿಣ ಕಡೆಯುವ ಲೇಥ್ ಹಾಕಿಕೊಂಡಿದ್ದಾರೆ. ಬಂಪರ್ ತೋರಿಸಿ ಸಿಟ್ಟಿನಲ್ಲೇ ಕೇಳಿದೆ: "ಯಾವ ಮಬ್ಬ ಹಾಕ್ಯಾನ್ರಿ ಉಸ್ತಾದ್ ಇವನ್ನ?"

"ನಾನ ಹಾಕೀನ್ರಿ" ಎಂದರು ಉಸ್ತಾದರು, ಕನ್ನಡಕ ಒರೆಸಿಕೊಳ್ಳುತ್ತ.

ನನ್ನ ಮುಖ ನೋಡಿ ಅವರೇ ನಕ್ಕರು. "ಶಿಗ್ಲಿ ಹತ್ರ ನಿಮ್ಮ ಅಪ್ಪಾರು ಚಕ್ಕಡಿಗೆ ತಾಗಿಸ್ಕೊಂಡು ಬಂದಿದ್ರು. ಬಂಪರ್ ಬಿಚ್ಚಬೇಕಾತು. ನಟ್ಟಿನ ಒಳಗಿನ ಚೂಡಿ ಎಲ್ಲಾ ಹಾರಿ ತಿರುಪು ಹಿಡೀತಿರಲಿಲ್ಲ, ಆ ಅಳತಿ ನಟ್ ಎಲ್ಲೂ ಸಿಗಲಿಲ್ಲ. ನಟ್ಟು ಬೋಲ್ಟು ಎರಡೂ ಬದಲಿ ಮಾಡಿದೆ. ಬಂಪರ್ ಗಟ್ಟಿ ಹಿಡದೈತಿಲ್ರಿ? ಮತ್ತೇನ ಬೇಕು?"

"ಒರಿಜಿನಲ್ ಬೇಕ್ರಿ!"

"ಬೋಲ್ಟು ಒಗದಿಲ್ರಿ ನಾ. ಬಿಚ್ಚಿದ ಸಾಮಾನು ಮಾಲಕರ ಕೈಯಾಗ ಕೊಡೂದು ನಮ್ಮ ಪದ್ಧತಿ. ಅರಿಬ್ಯಾಗ ಕಟ್ಟಿ ನಿಮ್ಮ ಅಪ್ಪಾರ ಕೈಯಾಗ ಇಟ್ಟೇನಿ. ಮಗ್ಗದ ತೂಕಕ್ಕ ಆಕ್ಕಾವು, ನೀಲವ್ವನ ಮನಿಗೆ ಕೊಡ್ತೀನಿ ಅಂದಿದ್ರು. ನೀವು ಬೋಲ್ಟ್ ತರ್ರಿ, ಅದಕ್ಕ ಹೊಂದೂ ನಟ್ಟು ನಾ ಮಾಡಿ ಕೊಡ್ತೀನಿ."

ನೀಲವ್ವ! ಬೆಟಗೇರಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯವಳು. ಅಪ್ಪನದು ನೂಲಿನ ವ್ಯಾಪಾರ. ನೀಲವ್ವನ ಗಂಡ ನಮ್ಮ ಅಂಗಡಿಯ ನೂಲಿನಿಂದಲೇ ಸೀರೆ ನೇಯುತ್ತಿದ್ದ. ಗಂಡ ತೀರಿದ ಮೇಲೂ ನೀಲವ್ವ ಮಗ್ಗ ಬಿಟ್ಟಿಲ್ಲ. ಮೂರು ತಾಲ್ಲೂಕು ಸುತ್ತಿದವನು ಹಿಂದಿನ ಓಣಿಗೆ ಮಾತ್ರ ಹೋಗಿರಲಿಲ್ಲ.

ಶನಿವಾರ ಬೆಳಿಗ್ಗೆ ಹೋದೆ. ಮಗ್ಗದ ಹಿಂದೆ ಬಗ್ಗಿ ನೋಡಿದರೆ ನಾಲ್ಕೂ ಅಲ್ಲೇ ಇವೆ! ಸೀರೆಯ ದಡಿಯ, ಅಂದರೆ ಅಂಚಿನ, ಎಳೆಗಳನ್ನು ಬಿಗಿಯಾಗಿ ಹಿಡಿಯಲು ಒಂದೊಂದು ದಡಿಗೆ ಎರಡೆರಡರಂತೆ ಕಟ್ಟಿ ಇಳಿಬಿಟ್ಟಿದ್ದರು. ಇಷ್ಟು ವರ್ಷದ ದಾರದ ಒಡನಾಟದಲ್ಲಿ ನುಣ್ಣಗೆ ಹೊಳೆಯುತ್ತಿದ್ದವು. ನನಗೆ ಕುಣಿಯುವುದೊಂದು ಬಾಕಿ.

ಮಗ್ಗದ ಮೇಲೆ ಹಸಿರು ಸೀರೆ ಇತ್ತು. "ಮುಂದಿನ ಶುಕ್ರವಾರ ಮೊಮ್ಮಗಳ ಕುಬಸ ಐತ್ರಿ ಸಾವ್ಕಾರ್ರ. ಚೊಚ್ಚಲ ಬಸುರಿ. ಕುಬಸಕ್ಕ ಆಯಿ ನೇಯ್ದ ಸೀರಿನ ಉಡ್ತೀನಿ ಅಂತ ಹಟಾ ಹಿಡದಾಳ" ಎಂದಳು ನೀಲವ್ವ. (ಸಾವ್ಕಾರ ಎನ್ನುವುದು ಅಪ್ಪನ ಹೆಸರು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು, ಹೆಸರು ನನಗೆ ಅಂಟಿಕೊಂಡಿದೆ. ನಾನೂ ಕಿತ್ತು ಹಾಕಿಲ್ಲ.)

ಬೋಲ್ಟಿನ ವಿಷಯ ಹೇಳಿದೆ. ಜೇಬಿನಲ್ಲಿ ಬದಲಿ ನಾಲ್ಕು ಇಟ್ಟುಕೊಂಡೇ ಹೋಗಿದ್ದೆ. ಯಾವುವು ಗೊತ್ತೆ? ಬಂಪರಿನಿಂದ ಬಿಚ್ಚಿದ ಆ ಸಣ್ಣ ತಲೆಯವೇ.

ನೀಲವ್ವ ಅವನ್ನು ಅಂಗೈಯಲ್ಲಿ ಹಿಡಿದು ತೂಗಿದಳು. "ಇವು ಹಗುರ ಅದಾವಲ್ರಿ? ಈ ಸೀರಿ ಇಳೀಲಿ, ಆಮ್ಯಾಲ ಒಯ್ತೀರೇನು?"

ಪ್ರದರ್ಶನಕ್ಕೆ ಇನ್ನೂ ಎರಡು ವಾರವಿತ್ತು. ಆರು ದಿನ ಕಾಯಬಹುದಿತ್ತು. ಕಾಯಲಿಲ್ಲ. "ಬೋಲ್ಟಿಗೆ ಬೋಲ್ಟು ಐತಲ್ಲವಾ, ಏನೂ ಆಗಂಗಿಲ್ಲ, ನಡೀತೈತಿ" ಎಂದೆ.

"ನಿಮ್ಮವ ಸಾಮಾನು. ಒಯ್ರಿ" ಎಂದು ಒಂದೊಂದಾಗಿ ಗಂಟು ಬಿಚ್ಚಿ ಕೊಟ್ಟಳು. ಅಪ್ಪ ಇಪ್ಪತ್ತು ವರ್ಷದ ಹಿಂದೆ ಕೊಟ್ಟು ಮರೆತದ್ದು ಈಗ ನನ್ನದು ಹೇಗಾಯಿತು? ನಾನು ಕೇಳಿಕೊಳ್ಳಲಿಲ್ಲ. ನೇರ ಲಕ್ಷ್ಮೇಶ್ವರಕ್ಕೆ ಹೋದೆ.

ಮಂಗಳವಾರ ಬಂಪರ್ ಸಿದ್ಧವಾಯಿತು. ಮೊದಲು ನೀಲವ್ವನಿಗೇ ತೋರಿಸೋಣವೆಂದು ಕಾರನ್ನು ಅವಳ ಓಣಿಗೇ ಒಯ್ದೆ. ಹಾರ್ನ್ ಬಾರಿಸಿದೆ. ಯಾರೂ ಬರಲಿಲ್ಲ. ಒಳಗೆ ಹೋದರೆ ಮಗ್ಗದ ಲಾಳಿ ಬದಿಗಿದೆ. ನೀಲವ್ವ ನೇಯ್ದದ್ದನ್ನು ಬಿಚ್ಚುತ್ತ ಕೂತಿದ್ದಾಳೆ. ಸೂಜಿಯ ತುದಿಯಿಂದ ಎತ್ತುತ್ತ, ಒಂದು ಎಳೆ, ಆಮೇಲೆ ಇನ್ನೊಂದು.

ದಡಿ ಎರಡೂ ಕಡೆ ಸಡಿಲಾಗಿ ಅಲೆ ಎದ್ದಿತ್ತು. ಒಂದೂವರೆ ಮೊಳ ನೇಯ್ದ ಮೇಲೆ ಅವಳಿಗೆ ಗೊತ್ತಾಗಿದೆ. "ಕಣ್ಣು ಮಂಜಾಗ್ಯಾವ್ರಿ, ಲಗೂ ಕಾಣಲಿಲ್ಲ. ಕಲ್ಲ ಕಟ್ಟಿ ನೋಡಿದೆ, ಹೊಂದಲಿಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ನಾನು ತಡವರಿಸಿದೆ. "ಬಿಚ್ಚೂದ್ಯಾಕವಾ? ಅಷ್ಟು ಭಾಗ ಒಳಗ ಸಿಗಿಸ್ಕೊಂಡ್ರಾತು, ಯಾರಿಗೆ ಕಾಣತೈತಿ?"

"ನನಗ ಗೊತ್ತೈತಲ್ರಿ."

ಅಲ್ಲಿಗಾದರೂ ಬಾಯಿ ಮುಚ್ಚಬೇಕಿತ್ತು. "ಹಂಗಾರ ನಾನ ಅಂಗಡ್ಯಾಗಿಂದ ಒಂದ ಛಲೋ ಹಸರ ಸೀರಿ ತಂದು ಕೊಡ್ತೀನಿ, ಕುಬಸಕ್ಕ ನಡೀತೈತಿ" ಅಂದುಬಿಟ್ಟೆ.

ನೀಲವ್ವ ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು. ವ್ಯಂಗ್ಯವೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು: "ಅಂಗಡ್ಯಾಗಿನ ಬೋಲ್ಟು ನಿಮ್ಮ ಕಾರಿಗೆ ನಡೀಲಿಲ್ಲಲ್ರಿ ಸಾವ್ಕಾರ್ರ?"

ನಾನು ಹೊರಗೆ ಬಂದು ಸ್ಪ್ಯಾನರ್ ಹಿಡಿದು ಬಂಪರಿನ ಮುಂದೆ ಕೂತೆ. ಓಣಿಯವರೆಲ್ಲರೂ ನೋಡುತ್ತಿದ್ದರು. ನಾಲ್ಕನ್ನೂ ಬಿಚ್ಚಿ, ಬಂಪರನ್ನು ಹಿಂದಿನ ಸೀಟಿಗೆ ಹಾಕಿ, ಬೋಲ್ಟನ್ನು ಒಳಗೆ ಒಯ್ದು ಕೊಟ್ಟೆ. ನೀಲವ್ವ ಸೆರಗಿನಿಂದ ಗ್ರೀಸ್ ಒರೆಸಿ, ಮೊದಲಿದ್ದ ಜಾಗಕ್ಕೇ ಕಟ್ಟಿದಳು. ಎಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಆತು" ಎಂದಳು. ನನಗೆ ನಾಚಿಕೆಯಾಯಿತು. ಮನೆಗೆ ಹೋಗಿ ಹೆಂಡತಿಗೆ ಹೇಳುವಾಗ ಇನ್ನೂ ಹೆಚ್ಚು ಆಯಿತು.

ಆದರೆ ಹೋದ ದಿನಗಳು ವಾಪಸು ಬರಲಿಲ್ಲ. ಬಿಚ್ಚುವುದಕ್ಕೇ ಮತ್ತೊಂದು ದಿನ ಹಿಡಿಯಿತು. ಶುಕ್ರವಾರ ನಮ್ಮನ್ನೂ ಕರೆದಿದ್ದರು, ಹೋದೆವು. ಹಸಿರು ಬಳೆ ತೊಟ್ಟು, ಹೂವು ಮುಡಿದು ಕೂತಿದ್ದ ಮೊಮ್ಮಗಳು ಲಕ್ಷಣವಾಗಿ ಕಾಣುತ್ತಿದ್ದಳು. ಉಟ್ಟದ್ದು ಅಂಗಡಿಯ ಸೀರೆ. ಆಯಿಯ ಸೀರೆ ಮಗ್ಗದ ಮೇಲೆ ಇನ್ನೂ ಎರಡು ಮೊಳ ಬಾಕಿ ಇತ್ತು. ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸುತ್ತ ನೀಲವ್ವ, "ಇರ್ಲಿ ಬಿಡ್ರಿ, ಕೂಸಿನ ತೊಟ್ಟಲಕ್ಕ ಉಡ್ತಾಳ" ಎಂದಳು, ನನ್ನ ಸಮಾಧಾನಕ್ಕೆ.

‘ಇದಾದರೂ ನಡೆಯುತ್ತದೆ ಬಿಡು’ ಎಂಬ ಮಾತು ನಮ್ಮ ಬಾಯಿಗೆ ಬರುವುದು ಯಾವಾಗಲೂ ಇನ್ನೊಬ್ಬರ ಸಾಮಾನು ನೋಡಿದಾಗಲೇ, ಯಾಕೆ?