ಹೊಟ್ಟಿಬ್ಯಾನಿ ಮಾಸ್ತರ

"ಬಯಲಕಡಿ ಹೋಗೂದೈತೇನ್ರಿ?" ಎಂದು ಕಂಡಕ್ಟರು ಇಡೀ ಬಸ್ಸಿಗೆ ಕೇಳುವಂತೆ ಕೂಗಿ ಕೇಳಿದ.

ಜಮಖಂಡಿ ಬಿಟ್ಟು ರಬಕವಿಯತ್ತ ಹೊರಟ ಬಸ್ಸು. ಆ ಸೀಮೆಯಲ್ಲಿ ಅದು ನನ್ನ ಮೊದಲ ದಿನ. ಹೊಟ್ಟೆಯೊಳಗೆ ಯಾರೋ ಕರುಳನ್ನು ಒದ್ದೆ ಬಟ್ಟೆಯಂತೆ ಹಿಂಡುತ್ತಿದ್ದರು. ಬೆವರಿಗೆ ಅಂಗಿ ಸೀಟಿಗೆ ಅಂಟಿಕೊಂಡಿತ್ತು. ನಮ್ಮ ಕಡೆ ಬಯಲು ಅಂದರೆ ಬಯಲು ಅಷ್ಟೇ. ಈತ ನನ್ನನ್ನು ಎಲ್ಲಿಗೆ ಕರೆಯುತ್ತಿದ್ದಾನೆಂದು ತಿಳಿಯದೆ ಕಣ್ಣುಕಣ್ಣು ಬಿಟ್ಟೆ. ಹಿಂದಿನ ಸೀಟಿನ ಮುದುಕರೊಬ್ಬರು, "ಅವರಿಗೆ ಸಂಡಾಸ ಅವಸರ ಆಗೈತಲೇ, ಗಾಡಿ ನಿಂದರಸು" ಎಂದರು. ಬಸ್ಸು ನಿಂತಿತು. ಕಬ್ಬಿನ ಹೊಲದೊಳಕ್ಕೆ ಓಡಿದೆ. ತಿರುಗಿ ಬಂದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ನಾನು ಕೃಷ್ಣರಾಜನಗರದ ಕಡೆಯವನು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ರಬಕವಿಯ ಹೈಸ್ಕೂಲೊಂದರಲ್ಲಿ ಕೆಲಸ ಸಿಕ್ಕಿತು. ಒಂದೇ ರಾಜ್ಯ, ಒಂದೇ ಭಾಷೆ ಎಂದು ಪಾಠ ಮಾಡುತ್ತಿದ್ದವನಿಗೆ ಇಲ್ಲಿ ಬಂದ ಮೇಲೆ ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ನಾನು 'ಮೇಷ್ಟ್ರು' ಅಂದರೆ ಮಕ್ಕಳು ನಗುತ್ತಿದ್ದವು, ಇಲ್ಲಿ ಮಾಸ್ತರ. ನಮ್ಮಲ್ಲಿ ಮರ್ಯಾದೆ ಕೊಡಲು ಮಾತು ಮೆತ್ತಗೆ ಮಾಡುತ್ತೇವೆ. ಇಲ್ಲಿ ಜಗಳವಾಡುವ ದನಿಯಲ್ಲೇ ಮಾತಾಡಿ ಕೊನೆಗೊಂದು 'ರಿ' ಹಚ್ಚಿದರೆ ಮರ್ಯಾದೆ ಸಂದಾಯವಾಗುತ್ತದೆ.

ಬಾಡಿಗೆಗೆ ಸಿಕ್ಕಿದ್ದು ಗೌರವ್ವನ ಮನೆಯ ಮುಂದಿನ ಕೋಣೆ. ಗಂಡ ತೀರಿಹೋದ ಗಟ್ಟಿಗಿತ್ತಿ. ಒಬ್ಬನೇ ಮಗ ಶಿವಪ್ಪ, ನನ್ನದೇ ವಯಸ್ಸಿನವನು, ಪಾವರಲೂಮ್ ಶೆಡ್ಡಿನಲ್ಲಿ ಸೀರೆ ನೇಯುತ್ತಿದ್ದ. ಓಣಿಯ ಎರಡೂ ಕಡೆ ಮಗ್ಗಗಳು. ಆ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತಿತ್ತು. ಮೊದಲ ವಾರ ಮಲಗಿದ್ದಲ್ಲೇ ಗೋಡೆ ಬೀಳುತ್ತಿದೆ ಎಂದು ಬೆಚ್ಚಿ ಏಳುತ್ತಿದ್ದೆ. ಕಡೆಗೆ ಕರೆಂಟು ಹೋಗಿ ಸದ್ದು ನಿಂತರೇ ಎಚ್ಚರವಾಗತೊಡಗಿತು.

ಮನೆಯಲ್ಲಿ ಸಂಡಾಸ ಇರಲಿಲ್ಲ. ಎಲ್ಲರೂ ತಂಬಿಗೆ ಹಿಡಿದು ಊರ ಹೊರಗಿನ ಜಾಲಿ ಪೊದೆಗಳ ಕಡೆ ಹೋಗಬೇಕು. ಎಲ್ಲರಿಗೂ ಅದಕ್ಕೊಂದು ಹೊತ್ತಿತ್ತು. ನನಗೆ ಹೊತ್ತೇ ಇರಲಿಲ್ಲ.

ಕಾಲೇಜಿನ ಪರೀಕ್ಷೆಗಳ ಕಾಲದಿಂದಲೂ ನನ್ನ ಹೊಟ್ಟೆ ಹೀಗೆಯೇ. ಊರಲ್ಲಿದ್ದಾಗ ಮಜ್ಜಿಗೆ ಅನ್ನ, ಹಿತ್ತಲ ಕಕ್ಕಸು ಎರಡೂ ಸೇರಿ ಅದನ್ನು ಮುಚ್ಚಿಟ್ಟಿದ್ದವು. ಇಲ್ಲಿ ಅದು ಬಾಯಿ ತೆರೆಯಿತು. ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಒಣಮೆಣಸಿನ ಕೆಂಪು ಚಟ್ನಿ. ತಿನ್ನುವಾಗ ಸ್ವರ್ಗ. ತಟ್ಟೆ ತೊಳೆಯುವಷ್ಟರಲ್ಲಿ ಹೊಕ್ಕಳ ಕೆಳಗೆ ಕುಡುಗೋಲು ಹಾಕಿ ಎಳೆದ ಹಾಗೆ ನೋವು. ಕೆಲವು ದಿನ ನಿಲ್ಲದ ಭೇದಿ. ಕೆಲವು ದಿನ ಏನೂ ಆಗದೆ ಹೊಟ್ಟೆ ತಮಟೆಯಂತೆ ಉಬ್ಬಿ ಉಸಿರಾಡಲಿಕ್ಕೂ ಕಷ್ಟ. ಪಾಠದ ನಡುವೆ ಸೀಮೆಸುಣ್ಣ ಬಿಸಾಕಿ ಓಡಿದ್ದುಂಟು. ಆಮೇಲೆ ಶಾಲೆಗೆ ಹೋಗುವ ಮೊದಲು ತಿನ್ನುವುದನ್ನೇ ಬಿಟ್ಟೆ. ಬಸ್ಸು ಹತ್ತುವುದನ್ನು ಬಿಟ್ಟೆ. ಬೀಳಗಿಯಲ್ಲಿ ಸಹೋದ್ಯೋಗಿಯ ಮದುವೆಗೆ ಜ್ವರವೆಂದು ಸುಳ್ಳು ಹೇಳಿದೆ. ಕೆನ್ನೆ ಒಳಗೆ ಹೋಯಿತು, ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು.

ಕಡೆಗೆ ಉಪವಾಸವಿದ್ದು ಬಸ್ಸು ಹತ್ತಿ ಮಿರಜಿನ ದೊಡ್ಡ ಆಸ್ಪತ್ರೆಗೆ ಹೋದೆ. ರಕ್ತ, ಮಲ ಪರೀಕ್ಷಿಸಿದರು. ಸುಣ್ಣದ ನೀರಿನಂಥದ್ದನ್ನು ಕುಡಿಸಿ ಎಕ್ಸ್-ರೇ ತೆಗೆದರು. ಕನ್ನಡ ಬಲ್ಲ ಡಾಕ್ಟರರೊಬ್ಬರು, "ಹುಣ್ಣಿಲ್ಲ, ಗಡ್ಡೆ ಇಲ್ಲ. ಕರುಳು ನೋಡಲಿಕ್ಕೆ ಚೊಲೋ ಐತಿ, ಆದರ ನಡತಿ ಚೊಲೋ ಇಲ್ಲ. ಇದಕ್ಕ ಇರಿಟಬಲ್ ಬವೆಲ್ ಅಂತಾರ" ಎಂದರು.

"ವಾಸಿಯಾಗುತ್ತದೆಯೇ ಡಾಕ್ಟ್ರೇ?"

"ಇದರಿಂದ ಸಾಯೂದಿಲ್ಲ. ಇದರ ಜೋಡಿ ಬದುಕೂದು ಕಲೀಬೇಕು. ಖಾರ ಕಡಿಮಿ ಮಾಡ್ರಿ. ಹೆದರಿಕಿ, ಸಿಟ್ಟು ಬಂದಾಗ ಜಾಸ್ತಿ ಆಗತೈತಿ."

ಸಾಯುವ ರೋಗವಲ್ಲ ಎಂದು ಸಮಾಧಾನವಾಗಲಿಲ್ಲ. ಕ್ಷಯವೆಂದರೆ ಜನ ಅಯ್ಯೋ ಅನ್ನುತ್ತಾರೆ. ಇದನ್ನು ಯಾರಿಗೆ ಹೇಳಲಿ? ಯಾರಿಗೂ ಹೇಳಲಿಲ್ಲ. ಯಾರಿಗೂ ಗೊತ್ತಿಲ್ಲವೆಂದೇ ನಂಬಿದ್ದೆ.

ಆ ವರ್ಷ ಮಗ್ಗದ ಕೆಲಸಗಾರರು ಕೂಲಿಯ ವಿಷಯಕ್ಕೆ ಮುಷ್ಕರ ಹೂಡಿದರು. ಶಿವಪ್ಪ ಅದರಲ್ಲಿ ಮುಂದಿದ್ದ. ಮಗ್ಗಗಳು ನಿಂತವು. ಊರಿನ ಆ ಮೌನ ಸದ್ದಿಗಿಂತ ಭಯಂಕರವಾಗಿತ್ತು. ಮಾಲೀಕರು ಹೊರಗಿನಿಂದ ನೇಕಾರರನ್ನು ಕರೆಸಿ ಶೆಡ್ಡುಗಳಲ್ಲಿ ಅಡಗಿಸಿದ್ದಾರೆಂದು ಸುದ್ದಿ ಹಬ್ಬಿತು. ಒಂದು ಶೆಡ್ಡಿಗೆ ಕಲ್ಲು ಬಿದ್ದವು. ಒಬ್ಬ ಗುಮಾಸ್ತನ ತಲೆ ಒಡೆಯಿತು. ಚಹದಂಗಡಿಯಲ್ಲಿ, "ಹೊರಗಿನಾವ ಸಿಕ್ಕರ ಕಾಲ ಮುರದ ಕಳಸೂದು" ಎಂದು ಯಾರೋ ಅಂದದ್ದನ್ನು ನಾನೇ ಕೇಳಿದೆ. ಹೆದರಿಕೆಗೆ ನನ್ನ ಕರುಳು ಇನ್ನಷ್ಟು ಕೆರಳಿತು.

ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ನೋವು ಬಂತು. ಜಾಲಿ ಪೊದೆಯ ತನಕ ಹೋಗುವಷ್ಟು ಪುರಸೊತ್ತಿರಲಿಲ್ಲ. ತಲೆಗೆ ಟವಲು ಸುತ್ತಿಕೊಂಡು, ತಂಬಿಗೆ ಹಿಡಿದು, ಹತ್ತಿರದ ಶೆಡ್ಡೊಂದರ ಹಿಂದಿನ ಗೋಡೆಗೆ ಓಡಿ ಕುಳಿತೆ. ಎದ್ದು ನಿಂತಾಗ ಎದುರಿಗೆ ಗುಂಪು.

"ಯಾವನಲೇ ಅಂವಾ? ಶೆಡ್ಡಿನ್ಯಾಗಿಂದ ಬಂದ ನೋಡು!"

"ನಾನು ಮೇಷ್ಟ್ರು, ಬಿಡ್ರಪ್ಪಾ, ಏನೂ ಮಾಡಿಲ್ಲ" ಅಂದೆ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ನಮ್ಮ ಊರಿನ ಮಾತು. ಅದೇ ಸಾಕಾಯಿತು.

"ಮಾತ ಕೇಳಲೇ! ಹೊರಗಿನಾವ! ಹಾಕ್ರಿ!"

ಮೊದಲ ಏಟು ಕಿವಿಯ ಮೇಲೆ ಬಿತ್ತು. ಲೋಕವೆಲ್ಲ ಗುಂಯ್ ಎಂದಿತು. ಸೈಕಲ್ ಚೈನು ಬೆನ್ನಿನ ಚರ್ಮ ಕಿತ್ತುಕೊಂಡು ಹೋಯಿತು. ಬಿದ್ದೆ. ಆಮೇಲೆ ಬರೀ ಕಾಲುಗಳು. ಯಾರೋ ಹೊಟ್ಟೆಗೇ ಒದ್ದರು, ಮತ್ತೆ ಒದ್ದರು. ಪಕ್ಕೆಯೊಳಗೆ ಒಣಕಟ್ಟಿಗೆ ಮುರಿದಂಥ ಸದ್ದು ನನಗೇ ಕೇಳಿಸಿತು. ಬಾಯಿಗೆ ರಕ್ತ, ಮಣ್ಣು. ಹೊಟ್ಟೆ ಪೂರಾ ಕೈಬಿಟ್ಟಿತು. ನನ್ನದೇ ಹೊಲಸಿನಲ್ಲಿ ಉರುಳಾಡುವಾಗ ತಲೆಯ ಟವಲು ಜಾರಿತು. ಅಂಗಾತ ತಿರುಗಿದಾಗ, ಬಡಿಗೆ ಎತ್ತಿ ನಿಂತವನ ಮುಖ ಕಂಡಿತು. ಶಿವಪ್ಪ. ಅವನೂ ನನ್ನನ್ನು ಕಂಡ. ಕಣ್ಣಿಗೆ ಕಣ್ಣು ಕೂಡಿತು. ಇನ್ನು ಉಳಿದೆ ಅಂದುಕೊಂಡೆ. ಬಡಿಗೆ ಇಳಿಯಿತು, ನನ್ನ ಪಕ್ಕೆಯ ಮೇಲೆ.

ಅಷ್ಟರಲ್ಲಿ ಗೌರವ್ವನ ದನಿ ಬಂತು. ಗುಂಪನ್ನು ಸೀಳಿಕೊಂಡು ಬಂದು ನನ್ನ ಮೇಲೆ ಅಡ್ಡ ಬಿದ್ದಳು.

"ಬಿಡ್ರಲೇ ಭಾಡ್ಯಾಗೋಳ್ಯಾ! ನಮ್ಮ ಮಾಸ್ತರಲೇ ಅಂವ! ಹೊಟ್ಟಿಬ್ಯಾನಿ ಮಾಸ್ತರ! ದಿನಾ ತಂಬಿಗಿ ಹಿಡಕೊಂಡು ಓಡತಾನ, ಊರಿಗೆಲ್ಲ ಗೊತ್ತೈತಿ, ನಿಮಗ ಗೊತ್ತಿಲ್ಲೇನು?"

"ಹೌದಲೇ, ಹೊಟ್ಟಿಬ್ಯಾನಿ ಮಾಸ್ತರ ಅಂವ" ಎಂದು ಯಾರೋ ಅಂದರು. ಕಾಲುಗಳು ಹಿಂದೆ ಸರಿದವು.

ಊರಿಗೆಲ್ಲ ಗೊತ್ತಿತ್ತು. ಅಷ್ಟು ಏಟಿನ ನಡುವೆಯೂ ಆ ಮಾತೇ ನನಗೆ ಹೆಚ್ಚು ನೋಯಿಸಿತು. ಜೀವ ಉಳಿಸಿದ್ದೂ ಅದೇ ಮಾತು.

ಗೌರವ್ವ ಎದ್ದು, ಮಗನ ಕೈಯ ಬಡಿಗೆ ಕಿತ್ತುಕೊಂಡು, ಎಲ್ಲರೆದುರಿಗೆ ಅವನ ಬೆನ್ನಿಗೆ ಹೊಡೆದಳು. ಅವನು ಅಲುಗಲಿಲ್ಲ.

ಆಸ್ಪತ್ರೆಯಲ್ಲಿ ಅವಳೇ ನನ್ನ ಮೈ ತೊಳೆದಳು. ನಾನು ನಾಚಿಕೆಯಿಂದ ಮುಖ ತಿರುಗಿಸಿದರೆ, "ಸುಮ್ಮನ ಬೀಳು ತಮ್ಮಾ, ಹಡದಾಕಿಗೆ ಇದೇನ ಹೊಸಾದಲ್ಲ" ಅಂದಳು. ಅಲ್ಲಿಂದ ಮುಂದೆ ನಾನು ಅವಳಿಗೆ 'ಮಾಸ್ತರ' ಅಲ್ಲ, 'ತಮ್ಮಾ'. ದಿನವೂ ಜೋಳದ ಗಂಜಿ ತರುತ್ತಿದ್ದಳು.

ಪೊಲೀಸರು ಬಂದರು. ಹೊಡೆದವರು ಯಾರೆಂದು ಕೇಳಿದರು. ಗೌರವ್ವ ಗಂಜಿಯ ಪಾತ್ರೆ ಹಿಡಿದು ಮಂಚದ ಪಕ್ಕದಲ್ಲೇ ನಿಂತಿದ್ದಳು. ಉಳಿದವರ ಮುಖ ನಾನು ಕಂಡಿರಲಿಲ್ಲ. ಕಂಡದ್ದು ಒಂದೇ ಮುಖ. ಕತ್ತಲಲ್ಲಿ ಹೊರಗಿನವನೆಂದು ತಿಳಿದು ಹೊಡೆದ ಏಟುಗಳನ್ನು ಮರೆಯಬಹುದಿತ್ತು; ಗುರುತು ಹಿಡಿದ ಮೇಲೆ ಬಿದ್ದ ಏಟನ್ನು ಹೇಗೆ ಮರೆಯಲಿ? ಅವಳ ಕಡೆ ನೋಡಿದೆ. ಅವಳು ಬೇಡವೆನ್ನಲಿಲ್ಲ, ಹೇಳೆನ್ನಲಿಲ್ಲ.

"ಶಿವಪ್ಪ" ಅಂದೆ.

ಅವಳು ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ, ನನ್ನ ಕೈಗೆ ಕೊಟ್ಟು, ಹೊರಗೆ ಹೋದಳು.

ನಾನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಶಿವಪ್ಪನೂ ಠಾಣೆಯಿಂದ ಬಂದ. ಪೊಲೀಸರ ಲಾಠಿ ಏಟಿಗೆ ಬಲಗೈಯ ಬೆರಳುಗಳು ಬದನೆಕಾಯಿಯಂತೆ ಊದಿ ಕಪ್ಪಾಗಿದ್ದವು. ಅವನು ಯಾರನ್ನೂ ದೂರಲಿಲ್ಲ. ತಾಯಿ ಅರಿಶಿನ ಹಚ್ಚುವಾಗ ಹಲ್ಲು ಕಚ್ಚಿ ಕೂತಿದ್ದ. ಅದನ್ನು ನೋಡುತ್ತಲೇ ಹೊಟ್ಟೆ ಕಡಿದು ನಾನು ಬಾಗಿದೆ. ಒಂದೇ ಪಡಸಾಲೆಯಲ್ಲಿ ಇಬ್ಬರೂ ನರಳುತ್ತಿದ್ದೆವು, ಅವಳು ಇಬ್ಬರಿಗೂ ಬಡಿಸುತ್ತಿದ್ದಳು. ಬೇರೆ ಮನೆ ನೋಡಿಕೊಳ್ಳುತ್ತೇನೆ ಅಂದೆ. "ಎಲ್ಲಿ ಹೋಗ್ತಿ? ನಿನ್ನ ಹೊಟ್ಟಿ ಯಾರ ನೋಡ್ತಾರ?" ಎಂದು ಗದರಿದಳು.

ಕೈ ಮಾಯ್ದರೂ ಬೆರಳುಗಳು ಪೂರ್ತಿ ಮಡಚಲಿಲ್ಲ. ಮುಷ್ಕರ ಮುಗಿದು ಮಗ್ಗಗಳು ಮತ್ತೆ ಬಡಿಯತೊಡಗಿದಾಗ ಅವನಿಗೆ ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ. ಒಂದು ಬೆಳಿಗ್ಗೆ ಅವನು ಮಹಾರಾಷ್ಟ್ರದ ಇಚಲಕರಂಜಿಗೆ ಹೊರಟುಹೋದ. ನಾನು ನನ್ನ ಊರು ಬಿಟ್ಟು ಅವನ ಊರಿಗೆ ಬಂದಿದ್ದೆ. ನನ್ನ ಒಂದು ಮಾತಿಗೆ ಅವನು ತನ್ನ ಊರು ಬಿಟ್ಟ.

ಇತ್ತ ನನಗೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಕಂಡಕ್ಟರುಗಳು ನನಗೆ ಬಾಗಿಲ ಹತ್ತಿರದ ಸೀಟು ಬಿಡಿಸುತ್ತಿದ್ದರು. ಹೆಡ್ಮಾಸ್ತರರು ತಾವಾಗಿಯೇ ನನ್ನ ಮೊದಲ ಪಿರಿಯಡ್ ತೆಗೆದರು. ಗೌರವ್ವ ಹಿತ್ತಲಲ್ಲಿ ಗುಂಡಿ ತೋಡಿಸಿ ಸಂಡಾಸ ಕಟ್ಟಿಸಿದಳು. ಚಟ್ನಿ ಬಿಟ್ಟೆ, ಮೆತ್ತಗಿನ ರೊಟ್ಟಿ ಮಜ್ಜಿಗೆಯಲ್ಲಿ ನೆನೆಸಿ ಉಂಡೆ. ನೋವು ಹೋಗಲಿಲ್ಲ, ಆದರೆ ಅದರ ಬಗೆಗಿನ ಹೆದರಿಕೆ ಅರ್ಧ ಹೋಯಿತು. ಅಷ್ಟರಿಂದಲೇ ಮೈಗೆ ಸ್ವಲ್ಪ ಮಾಂಸ ಬಂತು. ಬೀಳಗಿಯ ಬಸ್ಸು ಹತ್ತಿದೆ. ಗಲಗಲಿಯಲ್ಲಿ ಹೊಳೆಯಲ್ಲಿ ಮಿಂದು ಬಂದೆ. ಆದರೆ ನಾಲ್ಕು ಜನ ಒಟ್ಟಿಗೆ ನನ್ನ ಕಡೆ ನಡೆದು ಬಂದರೆ ಇಂದಿಗೂ ಕರುಳು ಬಿಗಿಯುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೊರಟಾಗ, ಮೊದಲು ಇಚಲಕರಂಜಿಗೆ ಹೋದೆ. ಗೌರವ್ವ ಮಗನಿಗೆಂದು ಗುರೆಳ್ಳಿನ ಚಟ್ನಿಪುಡಿ, ಅವಳ ಮಾತಿನ ಹಿಂಡಿ, ಕಟ್ಟಿಕೊಟ್ಟಿದ್ದಳು. ಶಿವಪ್ಪ ಅಲ್ಲಿ ನೇಯುತ್ತಿರಲಿಲ್ಲ, ನೂಲಿನ ಗಂಟು ಹೊರುತ್ತಿದ್ದ. ಚಹದಂಗಡಿಯಲ್ಲಿ ಎದುರುಬದುರು ಕುಳಿತೆವು.

"ಇಲ್ಲಿ ಹ್ಯಾಂಗೈತಿ?" ಅಂದೆ. ನನ್ನ ಬಾಯಲ್ಲಿ ಅವನ ಮಾತು ಕೇಳಿ ತುಸು ನಕ್ಕ.

"ಏನೈತ್ರಿ. ಮರಾಠಿ ಮಂದಿ ಕಾನಡಿ ಅಂತಾರ. ಎಲ್ಲಿ ಗದ್ದಲ ಆದರೂ ಮೊದಲ ನನ್ನ ಕಡೆ ನೋಡ್ತಾರ." ಲೋಟ ಕೆಳಗಿಟ್ಟು, "ಅವತ್ತು ನಿಮ್ಮ ಮಾರಿ ಕಂಡಿತ್ತರಿ. ನೀವಂತ ಗೊತ್ತಾತು. ಕೈ ನಿಲ್ಲಲಿಲ್ಲ" ಅಂದ.

"ನನಗೆ ಗೊತ್ತಿತ್ತು."

"ಅದಕ್ಕ ನನ್ನ ಹೆಸರ ಹೇಳೀರಿ."

"ಅದಕ್ಕೇ ಹೇಳಿದೆ."

ಅವನು ತಲೆಯಾಡಿಸಿದ. ಕ್ಷಮೆ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಹೊಟ್ಟೆ ಹಿಡಿದುಕೊಂಡಿತು. ಮುಖ ನೋಡಿಯೇ ಅವನಿಗೆ ತಿಳಿಯಿತು. ಎದ್ದು, "ಈ ಕಡಿ ಬರ್ರಿ" ಎಂದು ಅಂಗಡಿಯ ಹಿಂದಿನ ಸಂಡಾಸದವರೆಗೆ ಬಂದು, ನಾನು ಹೊರಗೆ ಬರುವ ತನಕ ಬಾಗಿಲ ಮುಂದೆ ಕಾವಲು ನಿಂತ.

ಅಲ್ಲಿಂದ ಮಿರಜಿಗೆ ಬಂದು ರೈಲು ಹತ್ತಿ ನಮ್ಮ ಊರಿಗೆ ಬಂದೆ. ಅಮ್ಮ ಮುದ್ದೆ, ಬಸ್ಸಾರು ಮಾಡಿದ್ದರು. ಕಿವಿಯ ಮೇಲಿನ ಗಾಯದ ಕಲೆ ಮುಟ್ಟಿ ನೋಡಿ ಏನಾಯಿತೆಂದು ಕೇಳಿದರು. ಬಸ್ಸಿನಿಂದ ಬಿದ್ದೆ ಅಂದೆ. ಹೊಟ್ಟೆಯ ವಿಷಯ ಇಂದಿಗೂ ಅವರಿಗೆ ಹೇಳಿಲ್ಲ.

"ಅಷ್ಟು ದೂರದಲ್ಲಿ ಹುಷಾರು ತಪ್ಪಿದ್ರೆ ನಿನ್ನ ನೋಡ್ಕೊಳ್ಳೋರು ಯಾರಪ್ಪ ಇದ್ದಾರೆ?"

"ಮನೆಯವರು ಇದ್ದಾರಮ್ಮ" ಅಂದೆ.

ಅಮ್ಮ ಸೌಟು ಹಿಡಿದ ಕೈ ಹಾಗೆಯೇ ನಿಲ್ಲಿಸಿ ನನ್ನನ್ನು ನೋಡಿದರು. "ಮನೆಯವರು ಅಂದ್ರೆ ನಾವಲ್ವೇನೋ?"