ಬಸಳೆಯ ಮೇಲೆ ಹೊರಿಸಿದ ತಪ್ಪು

ವಸಂತಕ್ಕಾ, ಅಂದು ನಿಮ್ಮ ಹೊಟ್ಟೆಯೊಳಗೆ ರಕ್ತ ಸೋರಿದ್ದು ಬಸಳೆಯಿಂದಲ್ಲ — ನಾನು ಕೊಟ್ಟ ಮಾತ್ರೆಯಿಂದ. ನನಗದು ಆಸ್ಪತ್ರೆಯಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಈ ಗಲ್ಫ್ ನಾಡಿನಲ್ಲಿ, ದಾರ್ಸೈಟಿನ ಈ ಕಟ್ಟಡಕ್ಕೆ ನಾನು ಅರ್ಧ ಡಾಕ್ಟರು ಎಂದು ನೀವೇ ತಮಾಷೆ ಮಾಡುತ್ತಿದ್ದಿರಿ. ರಜೆಗೆ ಊರಿಗೆ ಹೋದವರೆಲ್ಲ ಕುಚ್ಚಲಕ್ಕಿ, ಉಪ್ಪಿನಕಾಯಿ ಹೊತ್ತು ತಂದರೆ ನಾನು ಜೊತೆಗೆ ಒಂದು ಚೀಲ ಮಾತ್ರೆಯನ್ನೂ ತರುತ್ತಿದ್ದೆ — ಜ್ವರಕ್ಕೆ, ಗ್ಯಾಸ್ಟ್ರಿಕ್‌ಗೆ, ಗಂಟುನೋವಿಗೆ. ಯಾರು ಬಾಗಿಲು ತಟ್ಟಿದರೂ ಕೊಡುತ್ತಿದ್ದೆ. ಕೊಡುವಾಗ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ನಿಮ್ಮ ಮೊಣಕಾಲು ನೋವಿಗೆ ಕೊಟ್ಟದ್ದೂ ಆ ಚೀಲದಿಂದಲೇ. ಹೃದಯದ ವಾಲ್ವ್ ಬದಲಿಸಿದ ಮೇಲೆ ನೀವು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದುದು ನನಗೆ ಗೊತ್ತಿತ್ತು. ಅದಕ್ಕೂ ಇದಕ್ಕೂ ಆಗಿಬರುವುದಿಲ್ಲವೆಂದು ಗೊತ್ತಿರಲಿಲ್ಲ — ಯಾರನ್ನಾದರೂ ಕೇಳಬೇಕೆಂದೂ ಅನಿಸಲಿಲ್ಲ. ನೀವು ವಾರವಿಡೀ ನುಂಗಿದಿರಿ. ಆಮೇಲೆ ಮಲ ಕಪ್ಪಾಯಿತು, ತಲೆ ತಿರುಗಿ ಅಡುಗೆಮನೆಯಲ್ಲಿ ಬಿದ್ದಿರಿ.

ಆಸ್ಪತ್ರೆಯಲ್ಲಿ ಡಾಕ್ಟರಿಗೆ ನಿಮ್ಮ ಕನ್ನಡ ಬಾರದು, ನಿಮಗೆ ಅವರ ಇಂಗ್ಲಿಷ್ ಬಾರದು. ನಡುವೆ ನಾನು. ನೋವಿನ ಮಾತ್ರೆ ಏನಾದರೂ ತೆಗೆದುಕೊಂಡಿದ್ದಾರಾ ಕೇಳಿ, ಈ ಔಷಧದ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುತ್ತದೆ ಎಂದರು ಡಾಕ್ಟರು. ನಿಮ್ಮನ್ನು ಕೇಳಲೇ ಇಲ್ಲ ಅಕ್ಕ — "ನೋ" ಎಂದುಬಿಟ್ಟೆ.

ಅವರು ಊಟದ ವಿಷಯಕ್ಕೆ ಬಂದರು. ಸೊಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗಬಾರದು, ಯಾವಾಗಲೂ ಒಂದೇ ಹದದಲ್ಲಿರಲಿ ಎಂದರು.

"ಎಂತ ಹೇಳ್ತಾರೆ?" ಎಂದಿರಿ ನೀವು.

"ಸೊಪ್ಪು ಜಾಗ್ರತೆ ಅಂತೆ ಅಕ್ಕ" ಎಂದೆ.

ಅಷ್ಟೇ ಸಾಕಾಯಿತು. ಮನೆಗೆ ಬಂದವರೇ ಬಾಲ್ಕನಿಯ ಕುಂಡದಲ್ಲಿದ್ದ ಬಸಳೆಯನ್ನು ಬೇರುಸಹಿತ ಕಿತ್ತಿರಿ. ಬಾಯಿಚಪಲಕ್ಕೆ ತಕ್ಕ ಶಾಸ್ತಿಯಾಯಿತೆಂದು ನಿಮ್ಮನ್ನೇ ಬೈದುಕೊಂಡಿರಿ — ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಸೊಪ್ಪು ಹೆಚ್ಚಾದರೆ ಆ ಮಾತ್ರೆಯ ಬಲ ಕುಗ್ಗುತ್ತದೆಯೇ ಹೊರತು ರಕ್ತ ಸೋರುವುದಿಲ್ಲವೆಂದು ಆಮೇಲೆ ಓದಿ ತಿಳಿದೆ. ಆಗಲೂ ಹೇಳಲಿಲ್ಲ. ಇಷ್ಟು ವರ್ಷ ನೀವು ಬಸಳೆ ಮುಟ್ಟಿಲ್ಲ.

ಹೇಳದೆ ಹಾಗೇ ಉಳಿದುಬಿಡುತ್ತಿದ್ದೆನೋ ಏನೋ — ಇವತ್ತು ಬೆಳಿಗ್ಗೆ ನೀವು ಫೋನ್ ಮಾಡಿದಿರಿ. "ಕಾಲು ಎತ್ತಲಿಕ್ಕೆ ಆಗುದಿಲ್ಲ ಮಾರಾಯ್ತಿ. ಅವತ್ತು ಕೊಟ್ಟಿದ್ಯಲ್ಲ, ಆ ಮಾತ್ರೆ ಉಂಟಾ? ಅದ್ರಲ್ಲಿ ಒಳ್ಳೆ ಹಿತ ಆಗಿತ್ತು."

ನಿಮ್ಮ ದನಿಯಲ್ಲಿ ಎಂಥ ನಂಬಿಕೆಯಿತ್ತು ಅಕ್ಕ. ನನ್ನ ಬಳಿ ಇಲ್ಲ ಎಂದೆ. ನೀವು ಬೇರೆ ಮನೆಯಲ್ಲಿ ಕೇಳುತ್ತೇನೆ ಎಂದಿರಿ.

ಅದಕ್ಕೇ ಓಡಿ ಬಂದು ನಿಮ್ಮ ಎದುರು ಕೂತಿದ್ದೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಇನ್ನು ನನ್ನ ಕೈಯಿಂದ ಒಂದು ಲೋಟ ನೀರೂ ಬೇಡವೆಂದರೆ ಅದೂ ಸರಿ — ಆ ಮಾತ್ರೆಯನ್ನು ಮಾತ್ರ ಯಾರು ಕೊಟ್ಟರೂ ನುಂಗಬೇಡಿ.